ಲೆಗೊ ಟೆಕ್ನಿಕ್ ಜೀಪು: ಕಲ್ಲು ಹತ್ತುವಾಗ ಗೇರಿನ ಹಲ್ಲು ಹಾರ್ತಿದೆ, ಎರಡನೇ ಮೋಟರ್ ಹಾಕ್ಲಾ?

ಮಳೆಬೀಡು · ಜುಲೈ 6

ಎಲ್ಲರಿಗೂ ನಮಸ್ಕಾರ. ನಮ್ಮೂರು ಹೊಸನಗರ ತಾಲ್ಲೂಕು. ಅಪ್ಪಯ್ಯ ಇಪ್ಪತ್ತೆರಡು ವರ್ಷ ಕೊಡಚಾದ್ರಿಗೆ ಬಾಡಿಗೆ ಜೀಪು ಓಡಿಸಿದವರು. ಮಂಡಿ ನೋವು ಬಂದ ಮೇಲೆ ಕ್ಲಚ್ ತುಳಿಯಕ್ಕಾಗಲ್ಲ, ಈಗ ಮನೇಲೇ ಇರ್ತಾರೆ. ಅವರಿಗೆ ಕೂತಲ್ಲಿಂದಲೇ ಓಡಿಸೋ ಹಂಗೆ ಒಂದು ಜೀಪು ಕಟ್ಟಬೇಕು ಅಂತ ನಾನೂ ಮಗಳೂ ಮೂರು ತಿಂಗಳಿಂದ ಹಿಡಿದಿದೀವಿ. ಲೆಗೊ ಕಂಪನಿಯ ಟೆಕ್ನಿಕ್ ಭಾಗಗಳಲ್ಲೇ (ಗೇರು, ಆಕ್ಸಲ್, ತೂತಿನ ಬೀಮು ಜೋಡಿಸಿ ಕಟ್ಟೋ ಪ್ಲಾಸ್ಟಿಕ್ ಆಟಿಕೆ), ರಿಮೋಟ್ ಹಾಕಿ.

ಗಾಡಿ ವಿವರ ಹೇಳ್ತೀನಿ. ಲೆಗೊದ ಹಳೇ ಮೋಟರ್ ಸರಣಿ ಪವರ್ ಫಂಕ್ಷನ್ಸ್ ಸಾಮಾನು: ಓಡಕ್ಕೆ ಒಂದು ಎಕ್ಸ್‌ಎಲ್ ಮೋಟರ್, ಸ್ಟೇರಿಂಗಿಗೆ ಸರ್ವೊ, ಆರು ಡಬಲ್-ಎ ಸೆಲ್ಲಿನ ಬ್ಯಾಟರಿ ಡಬ್ಬಿ, ಇನ್‌ಫ್ರಾರೆಡ್ ರಿಸೀವರ್. ಮೋಟರಿನ ಬಾಯಲ್ಲೇ 8 ಹಲ್ಲಿನ ಗೇರು 40 ಹಲ್ಲಿನದನ್ನ ತಿರುಗಿಸುತ್ತೆ. ಅಲ್ಲಿಂದ ಉದ್ದಕ್ಕೆ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಮುಂದೆ ಎರಡೂ ಹೌಸಿಂಗಿಗೆ (ಚಕ್ರದ ಜೋಡಿ ನಡುವಿನ ಗೇರು ಡಬ್ಬಿ). ಹೌಸಿಂಗ್ ಒಳಗೆ 12 ಹಲ್ಲು 20 ಹಲ್ಲಿಗೆ ಅಡ್ಡ ಕಚ್ಚುತ್ತೆ. ಎಡಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಕ್ಕೆ ಬಿಡೋ ಡಿಫರೆನ್ಶಿಯಲ್ ಹಾಕಿಲ್ಲ, ನಾಲ್ಕೂ ಚಕ್ರ ಒಟ್ಟಿಗೇ ತಿರುಗ್ತವೆ. ಟೈರಿನ ವ್ಯಾಸ 81.6 ಮಿ.ಮೀ. ಅಡುಗೆಮನೆ ತಕ್ಕಡಿಯಲ್ಲಿ 1 ಕೆ.ಜಿ. 400 ಗ್ರಾಂ ತೂಗ್ತು.

ಜಗಲಿ ಮೇಲೆ ಚೆನ್ನಾಗಿ ಓಡುತ್ತೆ. ಕೊಟ್ಟಿಗೆ ಹಿಂದೆ ಪಾಗಾರ ಬಿದ್ದು ಒಂದು ಕಲ್ಲುರಾಶಿ ಆಗಿದೆ, ಅದಕ್ಕೆ ಹತ್ತಿಸಿದರೆ ಮೂರು ತೊಂದರೆ. ಒಂದು, ಚಕ್ರ ಎರಡು ಕಲ್ಲಿನ ಸಂದಿಗೆ ಸಿಕ್ಕ ತಕ್ಷಣ ಹೌಸಿಂಗ್ ಒಳಗೆ ಟಕ ಟಕ ಟಕ ಅಂತ ಹಲ್ಲು ಹಾರುತ್ತೆ. ಬಿಚ್ಚಿ ನೋಡಿದರೆ 12 ಹಲ್ಲಿನ ಗೇರಿನ ತುದಿ ಸವೆದು ಗುಂಡಗಾಗಿದೆ. ಎರಡು, ಶಾಫ್ಟ್ ಬಾಗಿದ್ರೂ ತಿರುಗಕ್ಕೆ ಬಿಡೋ ಯು-ಜಾಯಿಂಟಿನ ಕವೆ ಎರಡು ಸಲ ಮುರೀತು. ಮೂರನೇದು ನಂಗೆ ಅರ್ಥವೇ ಆಗ್ತಿಲ್ಲ: ರಿಮೋಟ್ ಒತ್ತಿದ ಕೂಡಲೇ ಬಾಡಿ ಎಡಕ್ಕೆ ವಾಲುತ್ತೆ, ಬಿಟ್ಟರೆ ಸರಿಯಾಗುತ್ತೆ.

ಶಕ್ತಿ ಸಾಲ್ತಿಲ್ಲ ಅನ್ನಿಸುತ್ತೆ. ಇನ್ನೊಂದು ಎಕ್ಸ್‌ಎಲ್ ಜೋಡಿಸಲಾ? ಇಲ್ಲಾ 12 ವೋಲ್ಟ್ ಕೊಡೋ ಬೇರೆ ಬ್ಯಾಟರಿಗೆ ಹೋಗಲಾ?

ಕೆಂಪುಹೊಲ · ಜುಲೈ 6

ಎರಡು ಎಕ್ಸ್‌ಎಲ್ ಹಾಕಿಬಿಡಿ ಸರ್. ನಾನು ನನ್ನ ಲಾರಿಗೆ ಹಂಗೇ ಮಾಡಿದೀನಿ. ರಿಸೀವರ್ ಮಾತ್ರ ಎರಡನೇ ಆವೃತ್ತಿಯದು ಇರ್ಲಿ, ಮೊದಲನೇದು ಎರಡು ಎಕ್ಸ್‌ಎಲ್ ಭಾರಕ್ಕೆ ಕೈ ಕೊಡುತ್ತೆ.

ಹನ್ನೆರಡುಹಲ್ಲು · ಜುಲೈ 6

ದಯವಿಟ್ಟು ಎರಡನೇ ಮೋಟರ್ ಹಾಕಬೇಡಿ. 12 ವೋಲ್ಟಂತೂ ಬೇಡವೇ ಬೇಡ. ನಿಮ್ಮ ಗಾಡಿಗೆ ಶಕ್ತಿ ಕಡಿಮೆಯಾಗಿಲ್ಲ. ಲೆಕ್ಕ ಹಾಕಿ ತೋರಿಸ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಎಕ್ಸ್‌ಎಲ್ ಮೋಟರ್ 9 ವೋಲ್ಟಿನಲ್ಲಿ ಖಾಲಿ ತಿರುಗಿದರೆ ನಿಮಿಷಕ್ಕೆ ಸುಮಾರು 220 ಸುತ್ತು. ಹಿಡಿದು ನಿಲ್ಲಿಸಿದರೆ ಕೊಡೋ ಟಾರ್ಕ್, ಅಂದ್ರೆ ತಿರುಚೋ ಬಲ, ಸುಮಾರು 40 ನ್ಯೂಟನ್-ಸೆಂಟಿಮೀಟರ್ (ಮುಂದಿನ ಟಾರ್ಕ್ ಅಂಕಿಗಳೆಲ್ಲ ಇದೇ ಅಳತೆಯಲ್ಲಿ). ನಿಮ್ಮ ಮೊದಲ ಜೋಡಿ 8ರಿಂದ 40, ಅಂದರೆ 5 ಪಟ್ಟು. ಹೌಸಿಂಗ್ ಒಳಗೆ 12ರಿಂದ 20, ಅಂದರೆ 1.67 ಪಟ್ಟು. ಒಟ್ಟು 8.3 ಪಟ್ಟು. ಚಕ್ರಕ್ಕೆ ತಲುಪಬಹುದಾದ್ದು 40 ಗುಣಿಸು 8.3, ಸುಮಾರು 333.

ಈಗ ಬೇಕಾಗಿರೋದು ಎಷ್ಟು ನೋಡಿ. 1.4 ಕೆ.ಜಿ. ಗಾಡಿ 45 ಡಿಗ್ರಿ ಏರು ಹತ್ತಬೇಕು ಅಂದ್ರೆ ಇಳಿಜಾರಿನ ಉದ್ದಕ್ಕೆ 9.7 ನ್ಯೂಟನ್ ಬಲ ಸಾಕು. ಚಕ್ರದ ತ್ರಿಜ್ಯ 4.08 ಸೆಂ.ಮೀ., ಹಾಗಾಗಿ ನಾಲ್ಕೂ ಚಕ್ರ ಸೇರಿ 40 ಬೇಕು. ಇರೋದು 333, ಬೇಕಿರೋದು 40. ಘರ್ಷಣೆಯಲ್ಲಿ ಅರ್ಧ ಹೋಗಲಿ, ಆದರೂ ನಾಲ್ಕು ಪಟ್ಟು ಮಿಗುತ್ತೆ. ಇಷ್ಟೇ ಅಲ್ಲ, ಟೈರಿನ ಹಿಡಿತ ಚೆನ್ನಾಗಿದ್ರೂ, ಎಳೆಯೋ ಬಲ ಹೆಚ್ಚುಕಮ್ಮಿ ಗಾಡಿಯ ತೂಕದಷ್ಟಕ್ಕೆ ಬಂತು ಅಂದ್ರೆ ಸಾಮಾನ್ಯವಾಗಿ ಚಕ್ರ ಜಾರೋಕೆ ಶುರು. ಆ ಲೆಕ್ಕದಲ್ಲಿ 56ಕ್ಕಿಂತ ಹೆಚ್ಚು ಟಾರ್ಕನ್ನ ನೆಲವೇ ತಗೊಳ್ಳಲ್ಲ.

ಹಾಗಾದ್ರೆ ಮುರಿಯೋದು ಯಾವಾಗ? ನೀವೇ ಬರೆದಿದ್ದೀರಿ: ಚಕ್ರ ಸಂದಿಗೆ ಸಿಕ್ಕಾಗ. ಸಿಕ್ಕ ಚಕ್ರ ಜಾರಲ್ಲ, ತಿರುಗಲ್ಲ. ಆಗ ಮೋಟರಿನ ಪೂರ್ತಿ ಒತ್ತಡ ಒಂದೇ ಕಡೆ ಬಂದು ಕೂರುತ್ತೆ. ಮೋಟರ್ ಬುಡದಲ್ಲೇ 5 ಪಟ್ಟು ಹೆಚ್ಚಿಸಿಬಿಟ್ಟಿರೋದ್ರಿಂದ ನಿಮ್ಮ ಪ್ರೊಪೆಲ್ಲರ್ ಶಾಫ್ಟ್ ಮೇಲೆ 200, ಹೌಸಿಂಗಿನಿಂದ ಚಕ್ರಕ್ಕೆ ಹೋಗೋ ಆಕ್ಸಲ್ ಮೇಲೆ 333. ಅದೂ 4.8 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಆಕ್ಸಲ್! ಎರಡನೇ ಎಕ್ಸ್‌ಎಲ್ ಹಾಕಿದ್ರೆ ಇದೇ ಎರಡು ಪಟ್ಟಾಗುತ್ತೆ.

ಪರಿಹಾರ ಅಂದ್ರೆ ರಿಡಕ್ಷನ್ನನ್ನ (ವೇಗ ಇಳಿಸಿ ಟಾರ್ಕ್ ಹೆಚ್ಚಿಸೋ ಗೇರು ಜೋಡಿ) ಮೋಟರ್ ಬುಡದಿಂದ ತೆಗೆದು ಚಕ್ರದೊಳಗೆ ಇಡೋದು. 2019ರಲ್ಲಿ ಬಂದ 42099 ನಂಬರಿನ ಆಫ್-ರೋಡರ್ ಸೆಟ್ಟಿನಲ್ಲಿ ಪ್ಲಾನೆಟರಿ ಹಬ್ ಇದೆ, ಚಕ್ರದ ಮಧ್ಯದಲ್ಲೇ 5.4 ಪಟ್ಟು ಇಳಿಸುತ್ತೆ. ಮೋಟರನ್ನ ನೇರವಾಗಿ ಶಾಫ್ಟಿಗೆ ಕೊಡಿ, ಹೌಸಿಂಗಿನ 12-20 ಹಾಗೇ ಇರಲಿ, ಕೊನೆಯಲ್ಲಿ 5.4. ಒಟ್ಟು 9 ಪಟ್ಟು, ಈಗಿಗಿಂತ ಸ್ವಲ್ಪ ಜಾಸ್ತಿಯೇ. ಆದರೆ ಶಾಫ್ಟ್ ಮೇಲೆ ಬರೋದು 40 ಮಾತ್ರ, ಆಕ್ಸಲ್ ಮೇಲೆ 67 ಮಾತ್ರ. ಮೋಟರ್ ಅದೇ, ಚಕ್ರಕ್ಕೆ ಸಿಗೋ ಬಲ ಹೆಚ್ಚುಕಮ್ಮಿ ಅದೇ, ನಡುವಿನ ಭಾಗಗಳಿಗೆ ಮಾತ್ರ ಐದನೇ ಒಂದರಷ್ಟು ಹೊರೆ.

ವೇಗ? 220ನ್ನ 9ರಿಂದ ಭಾಗಿಸಿ, 24 ಸುತ್ತು ಚಿಲ್ಲರೆ. ಸುತ್ತಿಗೆ 25.6 ಸೆಂ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 10 ಸೆಂ.ಮೀ. ಕಲ್ಲು ಹತ್ತೋ ಗಾಡಿಗೆ ಧಾರಾಳ.

ಧಾರವಾಡಗ್ಯಾರೇಜ್ · ಜುಲೈ 7

ಹನ್ನೆರಡುಹಲ್ಲು ಅವರು ಖರೇನ ಹೇಳ್ಯಾರ. ನಾ ಆಟಿಕಿ ಕಟ್ಟಾಂವ ಅಲ್ರಿ, ನನ್ನ ಮಗ ಕಟ್ತಾನ, ನಾ ಹಿಂದ ಕುಂತು ನೋಡ್ತೀನಿ. ಆದ್ರ ಮೂವತ್ತು ವರ್ಷ ಲಾರಿ ಹೌಸಿಂಗ್ ಬಿಚ್ಚೀನಿ. ಖಣಿ ಕೆಲಸಕ್ಕ ಹೋಗೋ ದೊಡ್ಡ ಟಿಪ್ಪರ್ ಹಿಂದಿನ ಚಕ್ರದ ನಡುವ ಉಬ್ಬಿದ ಡಬ್ಬಿ ಇರ್ತದ ನೋಡ್ರಿ, ಅದು ಹಬ್ ರಿಡಕ್ಷನ್. ಒಳಗ ನಡುವ ಒಂದು ಸನ್ ಗೇರು, ಸುತ್ತ ಸಣ್ಣ ಗೇರು, ಹೊರಗ ಒಳಹಲ್ಲಿನ ಬಳಿ. ಹೌಸಿಂಗ್ ಒಳಗಿನ ಅಡ್ಡ ಕಚ್ಚೋ ಗೇರು ಜೋಡಿ, ಕ್ರೌನು-ಪಿನಿಯನ್, ಸಣ್ಣದಿದ್ರೂ ತಡೀತದ, ಯಾಕಂದ್ರ ಕೊನೀ ಜೋರು ಚಕ್ರದಾಗ ಹುಟ್ತದ. ಸಣ್ಣ ಕ್ರೌನ್ ಅಂದ್ರ ಹೌಸಿಂಗ್ ಗುಂಡೂ ಸಣ್ಣದು, ಕಲ್ಲಿಗೆ ಬಡಿಯಂಗಿಲ್ಲ.

ಇನ್ನೊಂದು ದಾರಿ ಪೋರ್ಟಲ್ ಆಕ್ಸಲ್. ಯೂನಿಮಾಗ್ ಅನ್ನೋ ಜರ್ಮನಿ ಲಾರಿಗೆ ಇರ್ತದ. ಆಕ್ಸಲ್ ಚಕ್ರದ ನಡುಮಟ್ಟಕ್ಕಿಂತ ಮ್ಯಾಲೆ ಬರ್ತದ, ಚಕ್ರದ ಕಡೆ ಒಂದು ಜೋಡಿ ಗೇರು ಕೆಳಗಿಳಸ್ತಾವ.

ಹನ್ನೆರಡುಹಲ್ಲು · ಜುಲೈ 7

ಅಣ್ಣ ಹೇಳಿದ ಪೋರ್ಟಲ್ ಕೂಡ ಟೆಕ್ನಿಕ್‌ನಲ್ಲಿದೆ. 2011ರ ಯೂನಿಮಾಗ್ ಸೆಟ್, 8110 ನಂಬರು, ಅದರಲ್ಲಿ ಬಂತು. ಮರುವರ್ಷ 9398 ಕ್ರಾಲರಿನಲ್ಲೂ ಇತ್ತು. ಸಾದಾ ಬೀಮುಗಳಲ್ಲೇ ಪೋರ್ಟಲ್ ಕಟ್ಟೋದಾದ್ರೆ 8 ಮತ್ತು 24 ಹಲ್ಲು ಸರಿಯಾಗಿ ಎರಡು ತೂತಿನ ಅಂತರಕ್ಕೆ ಕೂರುತ್ತೆ: 3 ಪಟ್ಟು ಇಳಿಕೆ, ಜೊತೆಗೆ ಹೌಸಿಂಗ್ 16 ಮಿ.ಮೀ. ಮೇಲೆ. ಹಬ್ ಸಿಗದವರಿಗೆ ಇದು ಒಳ್ಳೇ ದಾರಿ. ಅಗಲ ಮಾತ್ರ ಹೆಚ್ಚುತ್ತೆ.

ಮಳೆಬೀಡು · ಜುಲೈ 8

ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ಮೂರು ತಿಂಗಳು ನಾನು ಮುರಿದ ಭಾಗದ ಕಡೆ ನೋಡ್ತಿದ್ದೆ, ಮುರಿಯೋ ಬಲ ಎಲ್ಲಿ ಹುಟ್ಟುತ್ತೆ ಅಂತ ನೋಡಿರಲಿಲ್ಲ.

ಬೆಳಿಗ್ಗೆ ಅಪ್ಪಯ್ಯಂಗೆ ನಿಮ್ಮ ಲೆಕ್ಕ ಓದಿ ಹೇಳಿದೆ. ಅವರು ಅಂಕಿ ಬಗ್ಗೆ ಏನೂ ಹೇಳ್ಲಿಲ್ಲ. ಗಾಡಿನ ತೊಡೆ ಮೇಲಿಟ್ಕಂಡು ಒಂದು ಕೈಯಲ್ಲಿ ಮುಂದಿನ ಚಕ್ರ ಬಿಗಿ ಹಿಡಿದರು, ಇನ್ನೊಂದು ಕೈಯಲ್ಲಿ ರಿಮೋಟ್ ಮೆಲ್ಲಗೆ ಒತ್ತಿದರು. ಪ್ರೊಪೆಲ್ಲರ್ ಶಾಫ್ಟಿನ ಉದ್ದಕ್ಕಿರೋ ಗೆರೆ ಕಣ್ಣಿಗೆ ಕಾಣೋ ಹಂಗೆ ತಿರುಚಿಕೊಳ್ತು, ಬಟ್ಟೆ ಹಿಂಡಿದ ಹಂಗೆ. ಬಿಟ್ಟ ಕೂಡಲೇ ಚಿಮ್ಮಿ ಹಿಂದಕ್ಕೆ ಬಂತು. "ಇದು ಮೊದ್ಲು ಸುತ್ತಿಕೊಳ್ತದೆ, ಆಮೇಲೆ ಒದೀತದೆ. ಒದ್ದಾಗ ಹಲ್ಲು ಹೋಗ್ತದೆ" ಅಂದ್ರು. ಮಗಳು ಅದರ ವಿಡಿಯೊ ಮಾಡಿದಾಳೆ.

ವಾಲೋ ವಿಷಯ ಯಾರಾದ್ರೂ ಹೇಳಿ. ಎಡಗಡೆ ಸ್ಪ್ರಿಂಗ್ ಬದಲಾಯಿಸಿ ನೋಡಿದೆ, ಏನೂ ಫರಕಾಗಲಿಲ್ಲ.

ಹನ್ನೆರಡುಹಲ್ಲು · ಜುಲೈ 8

ವಾಲೋದಕ್ಕೂ ಅದೇ ಕಾರಣ. ಶಾಫ್ಟ್ ಹೌಸಿಂಗನ್ನ ಒಂದು ಕಡೆ ತಿರುಚಿದ್ರೆ, ಮೋಟರ್ ಕೂತಿರೋ ಚಾಸಿ ಅಷ್ಟೇ ಬಲದಲ್ಲಿ ಉಲ್ಟಾ ತಿರುಚಿಕೊಳ್ಳುತ್ತೆ. ನಡುವೆ ಇರೋದು ಸ್ಪ್ರಿಂಗ್ ಮಾತ್ರ, ಅದು ಬಗ್ಗುತ್ತೆ. ನಿಮ್ಮ ಗಾಡಿಯಲ್ಲಿ ಹಿಂದಿನ ಮುಂದಿನ ಎರಡೂ ಶಾಫ್ಟ್ ಒಂದೇ ದಿಕ್ಕಿಗೆ ತಿರುಗ್ತಿವೆ, ಎರಡೂ ಸೇರಿ ಬಾಡಿಯನ್ನ ಒಂದೇ ಪಕ್ಕಕ್ಕೆ ತಳ್ತಿವೆ. ಸ್ಪ್ರಿಂಗಿನ ತಪ್ಪಿಲ್ಲ.

ಅದೇ 45 ಡಿಗ್ರಿ ಏರಿನಲ್ಲಿ ಈಗ ಶಾಫ್ಟುಗಳ ಮೇಲೆ ಒಟ್ಟು 24ರಷ್ಟು ಟಾರ್ಕ್ ಇರುತ್ತೆ. ಹಬ್ ಹಾಕಿದ ಮೇಲೆ 4.4. ವಾಲೋದು ಪೂರ್ತಿ ನಿಲ್ಲಲ್ಲ, ಆದರೆ ಹುಡುಕಿ ನೋಡಬೇಕಾಗುತ್ತೆ ಅಷ್ಟೇ.

ಒಂದು ಮಾತು, ಹೌಸಿಂಗನ್ನ ಚಾಸಿಗೆ ಹೇಗೆ ಕಟ್ಟಿದ್ದೀರಿ? ಬಾಲ್ ಜಾಯಿಂಟಿನ ಮೇಲೆ ಬಿಟ್ಟಿದ್ರೆ ಸಾಲಲ್ಲ, ನಾಲ್ಕು ಲಿಂಕ್ ಕೊಡಿ. ಕೆಳಗಿನ ಎರಡು ನೇರ, ಮೇಲಿನ ಎರಡು ತ್ರಿಕೋನದ ಹಾಗೆ ಹೌಸಿಂಗ್ ಮಧ್ಯಕ್ಕೆ ಕೂಡಬೇಕು. ಆಗ ಹೌಸಿಂಗ್ ಪಕ್ಕಕ್ಕೆ ಸರಿಯಲ್ಲ, ಹಿಂದೆ ಮುಂದೆ ಉರುಳಲ್ಲ, ಎಡಬಲ ಮಾತ್ರ ಏರಿಳಿಯುತ್ತೆ.

ತುಳುವಕಡಲು · ಜುಲೈ 8

ಸ್ಕ್ರೂವಿನ ಹಾಗೆ ಸುರುಳಿ ಇರುವ ವರ್ಮ್ ಗೇರು ಹಾಕಿ ನೋಡ್ಬಹುದಲ್ಲ ಮಾರಾಯ್ರೆ? 24 ಹಲ್ಲಿನ ಜೊತೆ ಒಂದೇ ಸಲಕ್ಕೆ 24 ಪಟ್ಟು ಇಳೀತದೆ. ಇಳಿಜಾರಿನಲ್ಲಿ ನಿಲ್ಲಿಸಿದ್ರೆ ಹಿಂದೆ ಜಾರುವುದೂ ಇಲ್ಲ.

ಹನ್ನೆರಡುಹಲ್ಲು · ಜುಲೈ 8

ಜಾರದೇ ನಿಲ್ಲೋದು ನಿಜ. ಆದರೆ ವರ್ಮ್ ಹಲ್ಲಿನ ಮೇಲೆ ಉರುಳಲ್ಲ, ಉಜ್ಜುತ್ತೆ. ಮೋಟರಿನ ಬಲದಲ್ಲಿ ದೊಡ್ಡ ಪಾಲು ಅಲ್ಲೇ ಕರಗಿಹೋಗುತ್ತೆ, ತನ್ನ ಆಕ್ಸಲನ್ನ ಉದ್ದಕ್ಕೆ ತಳ್ಳಿ, ಅದನ್ನ ಜಾರದ ಹಾಗೆ ಹಿಡಿಯೋ ಬುಶ್ (ಸಣ್ಣ ಬಳೆ) ಸಡಿಲ ಮಾಡುತ್ತೆ. ಕ್ರೇನಿನ ಹಗ್ಗ ಸುತ್ತೋಕೆ ಸರಿ, ಗಾಡಿ ಓಡಿಸೋಕೆ ನಾನು ಹಾಕಲ್ಲ.

ಮೈಸೂರುಟೀಚರ್ · ಜುಲೈ 10

ಇಲ್ಲಿನ ಲೆಕ್ಕವನ್ನು ಹಾಗೇ ತೆಗೆದುಕೊಂಡು ನಿನ್ನೆ ನಮ್ಮ ಶಾಲೆಯ ಟಿಂಕರಿಂಗ್ ಲ್ಯಾಬಿನಲ್ಲಿ ಎಂಟನೇ ತರಗತಿಗೆ ಪಾಠ ಮಾಡಿದೆ. ಹನ್ನೆರಡುಹಲ್ಲು ಸರ್, ಧನ್ಯವಾದ. ನಮ್ಮಲ್ಲಿ ಟೆಕ್ನಿಕ್ ಇಲ್ಲ, ಲೋಹದ ಪಟ್ಟಿಗೆ ನಟ್ಟು ಬೋಲ್ಟು ಹಾಕುವ ಮೆಕ್ಯಾನಿಕ್ಸ್ ಇದೆ. ಅದರಲ್ಲೇ ಒಂದು ಉದ್ದದ ಕಂಬಿ ಕಟ್ಟಿ, ಒಂದು ಸಲ ಹಿಡಿಯ ಕಡೆ ರಿಡಕ್ಷನ್, ಇನ್ನೊಂದು ಸಲ ಚಕ್ರದ ಕಡೆ ರಿಡಕ್ಷನ್ ಇಟ್ಟು ತಿರುಗಿಸಲು ಕೊಟ್ಟೆ. ಎರಡರಲ್ಲೂ ಚಕ್ರಕ್ಕೆ ಸಿಗುವ ಬಲ ಒಂದೇ. ಮೊದಲನೆಯದರಲ್ಲಿ ಕಂಬಿ ತಿರುಚಿಕೊಂಡು ಸ್ಕ್ರೂ ಸಡಿಲವಾಯಿತು, ಎರಡನೆಯದರಲ್ಲಿ ಏನೂ ಆಗಲಿಲ್ಲ. ಮಕ್ಕಳು ತಾವೇ ಕೈಯಿಂದ ಮುಟ್ಟಿ ತಿಳಿದುಕೊಂಡರು.

ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ: ಚಕ್ರದಲ್ಲೇ ಇಡುವುದು ಇಷ್ಟು ಒಳ್ಳೆಯದಾದರೆ ಎಲ್ಲ ಕಾರುಗಳಲ್ಲೂ ಯಾಕೆ ಹಾಗೆ ಮಾಡುವುದಿಲ್ಲ? ಗ್ಯಾರೇಜ್ ಅಣ್ಣನವರು ಹೇಳಬಹುದೇ?

ಧಾರವಾಡಗ್ಯಾರೇಜ್ · ಜುಲೈ 10

ಭಾಳ ಚೊಲೋ ಕೇಳ್ಯಾಳ್ರಿ ಹುಡುಗಿ. ಮೂರು ಕಾರಣ ಹೇಳ್ರಿ ಆಕಿಗೆ. ಚಕ್ರದಾಗ ಗೇರು ತುಂಬಿದ್ರ ಚಕ್ರ ವಜ್ಜ ಆಗ್ತದ, ಸ್ಪ್ರಿಂಗಿನ ಕೆಳಗಿನ ವಜ್ಜ ಹೆಚ್ಚಾದಷ್ಟು ಜೋರಾಗಿ ಹೋಗೂಮುಂದ ಗಾಡಿ ಕುಣೀತದ. ಎರಡನೇದು, ಒಂದು ಹೌಸಿಂಗಿಗೆ ಒಂದು ಸೆಟ್ ಗೇರು ಸಾಕಾಗೂ ಕಡೆ ಎರಡೂ ಚಕ್ರಕ್ಕ ಬ್ಯಾರೆ ಬ್ಯಾರೆ ಸೆಟ್ ಬೇಕು, ಸೀಲು, ಆಯಿಲ್ಲು, ಬೇರಿಂಗು ಎಲ್ಲಾ ಡಬಲ್ ಖರ್ಚು. ಮೂರನೇದು, ಹೈವೇದಾಗ ತಾಸುಗಟ್ಲೆ ಓಡಿದ್ರ ಅಷ್ಟು ಗೇರು ಬಿಸಿ ಆಗ್ತಾವ, ಡೀಸಲ್ ತಿಂತಾವ. ಹಂಗಾಗಿ ಸಾವಕಾಶ ಹೋಗಿ ವಜ್ಜ ಎಳಿಯೂ ಗಾಡಿಗಷ್ಟೇ ಅದು.

ಮೈಸೂರುಟೀಚರ್ · ಜುಲೈ 11

ಬೋರ್ಡಿನ ಮೇಲೆ ಹಾಗೇ ಬರೆಸಿದ್ದೇನೆ ಅಣ್ಣ. ತುಂಬಾ ಥ್ಯಾಂಕ್ಸ್.

ಮಳೆಬೀಡು · ಜುಲೈ 13

ಹಬ್ ಸಿಗೋದೇ ಕಷ್ಟ ಆಗಿದೆ. ಬ್ರಿಕ್‌ಲಿಂಕಿನಲ್ಲಿ (ಲೆಗೊ ಭಾಗ ಮಾರೋ ಜಾಲತಾಣ) ಬಿಡಿಯಾಗಿ ಇದೆ, ಆದ್ರೆ ಹೊರದೇಶದಿಂದ ಬರಬೇಕು. ಆಟಿಕೆ ಮೇಲಿನ ಕಸ್ಟಮ್ಸ್ ಸುಂಕ 2020ರಲ್ಲಿ 20ರಿಂದ ಶೇ. 60ಕ್ಕೆ ಏರ್ತು, 2023ರಲ್ಲಿ 70 ಆಯ್ತು. ಹೋದ ಸಲ ಒಂದು ಸಣ್ಣ ಪೊಟ್ಟಣ ತರಿಸಿದ್ದೆ, ಅಂಚೆ ಖರ್ಚು, ಸುಂಕ ಎಲ್ಲಾ ಸೇರಿ ಸಾಮಾನಿಗಿಂತ ಹೆಚ್ಚು ಬಿತ್ತು. ನಾಲ್ಕು ಹಬ್ಬಿಗೋಸ್ಕರ 958 ಭಾಗದ ಪೂರ್ತಿ ಸೆಟ್ ಕೊಳ್ಳಕ್ಕೂ ಮನಸ್ಸು ಬರ್ತಿಲ್ಲ.

ಕೆಂಪುಹೊಲ · ಜುಲೈ 13

ಚೀನಾದ ಹೊಂದಿಕೆ ಭಾಗಗಳು ಇವೆಯಲ್ಲ ಸರ್. ತೂತು, ಪಿನ್ನು ಎಲ್ಲಾ ಅದೇ 8 ಮಿ.ಮೀ. ಅಳತೆ.

ಹನ್ನೆರಡುಹಲ್ಲು · ಜುಲೈ 13

ಹೊಂದಿಕೆ ಭಾಗ ಬಳಸೋದಕ್ಕೆ ನನ್ನ ಅಡ್ಡಿ ಇಲ್ಲ. ಬೀಮು, ಪ್ಯಾನಲ್ ಯಾವುದಾದ್ರೂ ಆಗಲಿ. ತಿರುಗೋ ಭಾಗ ಮಾತ್ರ ಒಂದೇ ಕಡೆಯದು ಇರಲಿ ಅನ್ನೋದು ನನ್ನ ಅನುಭವ. ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಆಕ್ಸಲ್ ಬಿಗಿಯಾಗುತ್ತೆ, ಆ ಬಿಗಿ ಹತ್ತು ತೂತಿನಲ್ಲಿ ಸೇರಿದ್ರೆ ಮೋಟರಿನ ಕಾಲುಭಾಗ ಅಲ್ಲೇ ಮುಗೀತು.

ಸ್ಟುಟ್‌ಗಾರ್ಟ್‌ಕನ್ನಡ · ಜುಲೈ 14

ಒಂದು ವಾರದಿಂದ ಸುಮ್ಮನೆ ಓದ್ತಾ ಇದ್ದೆ. ನನ್ನ ಹತ್ತಿರ 42099 ಸೆಟ್ ಬಿಚ್ಚಿಟ್ಟು ಎರಡು ವರ್ಷ ಆಯ್ತು, ನಾಲ್ಕು ಹಬ್ ಡಬ್ಬಿಯಲ್ಲಿವೆ. ಆಗಸ್ಟಿನಲ್ಲಿ ಸಾಗರಕ್ಕೆ ಬರ್ತಿದ್ದೇನೆ, ಅಮ್ಮನ ಮನೆ ಅಲ್ಲೇ. ಕೈಯಲ್ಲೇ ತಂದುಕೊಡ್ತೀನಿ, ದುಡ್ಡು ಬೇಡ. ನಿಮ್ಮ ತಂದೆಯವರು ಓಡಿಸೋದನ್ನ ನೋಡಬೇಕು ಅಷ್ಟೇ. ಕಾಲೇಜಿನಲ್ಲಿದ್ದಾಗ ನಿಟ್ಟೂರು ಕಡೆಯಿಂದ ಜೀಪಿನಲ್ಲಿ ಕೊಡಚಾದ್ರಿ ಹತ್ತಿದ್ದೆ. ಆ ಏರಿನಲ್ಲಿ ಡ್ರೈವರ್ ಒಮ್ಮೆಯೂ ಆಕ್ಸಿಲರೇಟರ್ ಜೋರಾಗಿ ತುಳಿಯಲಿಲ್ಲ. ಲೋ ಗೇರಿಗೆ ಹಾಕಿ, ಒಂದೊಂದೇ ಕಲ್ಲಿನ ಮೇಲೆ ಚಕ್ರ ಇಡ್ತಾ ಹೋದರು.

ಇಲ್ಲಿ ಯುರೋಪಿನಲ್ಲಿ ನಿಜವಾದ ಲಾರಿಗಳ ಟ್ರಯಲ್ ಸ್ಪರ್ಧೆ ನಡೆಯುತ್ತೆ. ಯಾರು ಬೇಗ ಹೋದರು ಅನ್ನೋದಲ್ಲ, ಎರಡೆರಡು ಕಂಬ ನೆಟ್ಟು ಗೇಟು ಮಾಡಿರ್ತಾರೆ, ಕಂಬಕ್ಕೆ ತಾಗದೆ ಹೋಗಬೇಕು. ಟೆಕ್ನಿಕ್ ಕಟ್ಟೋರೂ ಅದೇ ನಿಯಮದಲ್ಲಿ ಆಡ್ತಾರೆ. ನಿಮ್ಮ ಕಲ್ಲುರಾಶಿಯಲ್ಲೂ ಕಡ್ಡಿ ನೆಟ್ಟು ಮಾಡಬಹುದು.

ಮಳೆಬೀಡು · ಜುಲೈ 14

ಏನು ಹೇಳಬೇಕೋ ತಿಳೀತಿಲ್ಲ. ಖಂಡಿತ ಮನೆಗೆ ಬನ್ನಿ, ಊಟಕ್ಕೇ ಬನ್ನಿ. ಅಪ್ಪಯ್ಯಂಗೆ ಹೇಳಿದೆ, ಯಾವ ವರ್ಷ ಹತ್ತಿದ್ದು ಅಂತ ಕೇಳ್ತಿದಾರೆ.

ಮಳೆಬೀಡು · ಆಗಸ್ಟ್ 19

ಹಬ್ ಬಂತು. ಸ್ಟುಟ್‌ಗಾರ್ಟ್ ಅಣ್ಣ ಅರ್ಧ ದಿನ ಇದ್ದು ಹೋದರು. ಅವರು ಹತ್ತಿದ ಜೀಪಿನ ಡ್ರೈವರ್ ಅಪ್ಪಯ್ಯ ಅಲ್ಲ, ಆದ್ರೆ ಯಾರಿರಬಹುದು ಅಂತ ಬಣ್ಣ ಕೇಳಿಯೇ ಅಪ್ಪಯ್ಯ ಹೇಳಿದರು.

ಮೂರು ರಾತ್ರಿ ಕೂತು ಎರಡೂ ಹೌಸಿಂಗ್ ಹೊಸದಾಗಿ ಕಟ್ಟಿದೆ. ಕಲಿತಿದ್ದನ್ನ ಬರೀತೀನಿ, ಮುಂದೆ ಕಟ್ಟೋರಿಗೆ ಬೇಕಾಗುತ್ತೆ.

ಹಲ್ಲು ಹಾರಿದ್ದರಲ್ಲಿ ನನ್ನ ಕಟ್ಟೋಣದ್ದೂ ಪಾಲಿತ್ತು. ಅಡ್ಡ ಕಚ್ಚೋ ಎರಡು ಗೇರು ಭಾರ ಬಿದ್ದಾಗ ಒಂದನ್ನೊಂದು ದೂರ ತಳ್ತವೆ. ನಾನು ಎರಡು ಬೀಮನ್ನ ಪಿನ್ನಿನಲ್ಲಿ ಮಾತ್ರ ಜೋಡಿಸಿದ್ದೆ, ಪಿನ್ನು ಅರ್ಧ ಮಿಲಿಮೀಟರ್ ಬಿಟ್ಟರೂ ಹಲ್ಲು ತುದಿಯಲ್ಲಿ ಮಾತ್ರ ಕಚ್ಚುತ್ತೆ. ಈ ಸಲ 5x7ರ ಇಡೀ ಚೌಕಟ್ಟಿನ ಒಳಗೆ ಗೇರು ಕೂರಿಸಿದೆ. ಅದು ಒಂದೇ ಅಚ್ಚಿನ ಭಾಗ, ಬಿಚ್ಚಿಕೊಳ್ಳಕ್ಕೆ ಜಾಗವೇ ಇಲ್ಲ. 12 ಹಲ್ಲಿನ ಹಿಂದೆ ಆಕ್ಸಲ್ ಜಾರದಂಗೆ ಬುಶ್ ಹಾಕಿದೆ. ಮೊದಲು ಬುಶ್ಶನ್ನ ಒತ್ತಿ ಬಿಗಿ ಮಾಡಿಬಿಟ್ಟಿದ್ದೆ, ಕೈಯಲ್ಲಿ ತಿರುಗಿಸಿದ್ರೆ ಗರಗರ ಅಂತಿತ್ತು. ಉಗುರಿನ ತುದಿ ತೂರೋವಷ್ಟು ಸಂದಿ ಬಿಟ್ಟ ಮೇಲೆ ಒಂದು ಸಲ ತಟ್ಟಿದ್ರೆ ಆಕ್ಸಲ್ ಎರಡು ಸುತ್ತು ತಾನೇ ತಿರುಗಿತು. ಈಗ ಪ್ರತಿ ಭಾಗ ಜೋಡಿಸಿದ ಮೇಲೂ ಮೋಟರ್ ಹಾಕದೆ ಬೆರಳಲ್ಲಿ ತಿರುಗಿಸಿ ನೋಡ್ತೀನಿ. ಬಿಗಿ ಬಂದರೆ ಮುಂದಕ್ಕೆ ಹೋಗಲ್ಲ, ಅಲ್ಲೇ ಬಿಚ್ತೀನಿ.

ಹಿಂದಿನ ಚಕ್ರದ ಎರಡೂ ಹಬ್ ಬೀಮಿನಿಂದ ಕಟ್ಟಿ ಎಡಬಲಕ್ಕೆ ಹೊರಳದಂಗೆ ನಿಲ್ಲಿಸಿದೆ. ಮುಂದಿನವಕ್ಕೆ ಸ್ಟೇರಿಂಗ್ ರಾಡು ಹೌಸಿಂಗಿನ ಹಿಂದೆ ಬರೋ ಹಂಗೆ ಇಟ್ಟೆ, ಕಲ್ಲಿಗೆ ಮೊದಲು ಬಡಿಯೋದು ರಾಡು ಆಗಬಾರದಲ್ಲ. ನಾಲ್ಕು ಲಿಂಕ್ ಕೊಟ್ಟಾಯ್ತು. ಶಾಕ್ ಅಬ್ಸಾರ್ಬರ್ ಮುಂದೆ ಬೂದು ಸ್ಪ್ರಿಂಗಿನ ಮೆದುವಾದ್ದು, ಹಿಂದೆ ಹಳದಿ ಸ್ಪ್ರಿಂಗಿನ ಗಡಸಾದ್ದು.

ಎಡಕ್ಕೆ ವಾಲೋದು ನಿಂತಿದೆ. ಹನ್ನೆರಡುಹಲ್ಲು ಸರ್ ಹೇಳಿದ ಹಂಗೇ, ಹುಡುಕಿ ನೋಡಿದ್ರೆ ಮಾತ್ರ ಕಾಣುತ್ತೆ.

ಮಳೆಬೀಡು · ಆಗಸ್ಟ್ 23

ಇವತ್ತು ಮಳೆ ಹೊಳವಾಗಿತ್ತು, ಕಲ್ಲುರಾಶಿಗೆ ತಗೊಂಡು ಹೋದ್ವಿ. ಗೇರು ಒಂದು ಸಲವೂ ಸದ್ದು ಮಾಡ್ಲಿಲ್ಲ. ಆದ್ರೆ ಮೇಲಿನ ದೊಡ್ಡ ಕಲ್ಲಿಗೆ ಮುಂದಿನ ಚಕ್ರ ಇಟ್ಟ ಕೂಡಲೇ ಮೂತಿ ಎದ್ದು ಹಿಂದಕ್ಕೆ ಮಗುಚಿಬಿತ್ತು. ಐದು ಸಲ ಐದೂ ಹಂಗೇ. ಇಷ್ಟು ದಿನ ಗೇರು ಮುರಿದು ಅಲ್ಲಿತನಕ ಹೋಗ್ತಲೇ ಇರ್ಲಿಲ್ಲ, ಹಂಗಾಗಿ ಈ ತೊಂದರೆ ಕಂಡೇ ಇರ್ಲಿಲ್ಲ.

ಹನ್ನೆರಡುಹಲ್ಲು · ಆಗಸ್ಟ್ 23

ಬ್ಯಾಟರಿ ಡಬ್ಬಿ ಎಲ್ಲಿದೆ?

ಮಳೆಬೀಡು · ಆಗಸ್ಟ್ 23

ಹಿಂದೆ. ಜೀಪಿನ ಹಿಂದಿನ ಸೀಟಿನ ಕೆಳಗೆ.

ಹನ್ನೆರಡುಹಲ್ಲು · ಆಗಸ್ಟ್ 23

ಅದೇ. ಗಾಡಿಯಲ್ಲಿ ಎಲ್ಲಕ್ಕಿಂತ ಭಾರವಾದ ಎರಡು ವಸ್ತು ಬ್ಯಾಟರಿ ಮತ್ತು ಎಕ್ಸ್‌ಎಲ್. ಎರಡನ್ನೂ ಮುಂದಕ್ಕೆ, ಆದಷ್ಟು ಕೆಳಕ್ಕೆ ತನ್ನಿ. ಒಂದು ಪೆನ್ಸಿಲನ್ನ ಅಡ್ಡ ಇಟ್ಟು ಅದರ ಮೇಲೆ ಗಾಡಿ ತೂಗಿಸಿ ನೋಡಿ. ಸಮತೋಲ ಸಿಗೋ ಜಾಗ ಎರಡು ಆಕ್ಸಲ್‌ಗಳ ನಡುಮಧ್ಯಕ್ಕಿಂತ ಮುಂದಿರಬೇಕು. ಏರಿನಲ್ಲಿ ಭಾರ ತಾನಾಗೇ ಹಿಂದಿನ ಚಕ್ರಕ್ಕೆ ಸರಿಯುತ್ತೆ, ಅದಕ್ಕೆ ನೀವು ಮೊದಲೇ ಮುಂದೆ ಇಟ್ಟಿರಬೇಕು.

ತುಳುವಕಡಲು · ಆಗಸ್ಟ್ 24

ಮತ್ತೊಂದು ವಿಷಯ ಉಂಟು. ಈಗ ಮಳೆಗಾಲ, ಮೋಡ ಇದ್ದದ್ದಕ್ಕೆ ನಿಮ್ಮ ಇನ್‌ಫ್ರಾರೆಡ್ ರಿಮೋಟ್ ಹೊರಗೆ ಕೆಲಸ ಮಾಡ್ತಾ ಉಂಟು. ಬಿಸಿಲು ಬಂದ್ರೆ ಸೂರ್ಯನ ಬೆಳಕಿನಲ್ಲೇ ಇನ್‌ಫ್ರಾರೆಡ್ ತುಂಬಿರ್ತದೆ, ರಿಸೀವರಿಗೆ ನಿಮ್ಮ ಸಿಗ್ನಲ್ ಕಾಣುವುದೇ ಇಲ್ಲ. ನನ್ನ ಗಾಡಿ ಪಣಂಬೂರು ಬೀಚಿನಲ್ಲಿ ಎರಡು ಮೀಟರ್ ದೂರದಲ್ಲೇ ನಿಂತುಹೋಗಿತ್ತು. ನಾನು ಆಮೇಲೆ ಹಂಗೇರಿಯ ಎಸ್‌ಬ್ರಿಕ್ ಹಾಕಿದೆ, ಬ್ಲೂಟೂತ್. ಹಳೇ ಮೋಟರಿನ ವಯರೇ ಕೂರ್ತದೆ, ಫೋನಿನಲ್ಲಿ ಓಡಿಸ್ಬಹುದು. ಸ್ಲೊವೇನಿಯಾದ ಬುವಿಜ್ ಕೂಡ ಉಂಟು, ಅದಕ್ಕೆ ಬ್ಯಾಟರಿ ಒಳಗೇ ಬರ್ತದೆ, ಡಬ್ಬಿಯ ತೂಕ ಉಳೀತದೆ.

ಮಳೆಬೀಡು · ಆಗಸ್ಟ್ 24

ಹೌದಾ! ಏಪ್ರಿಲಿನಲ್ಲಿ ಅಂಗಳದಲ್ಲಿ ನಿಂತುನಿಂತು ಹೋಗ್ತಿತ್ತು, ಜೂನಿನಿಂದ ಸರಿಯಾಯ್ತು. ಸೆಲ್ ಬದಲಾಯಿಸಿದ್ದಕ್ಕೆ ಅಂದುಕೊಂಡಿದ್ದೆ. ಬ್ಲೂಟೂತಿಗೆ ದೀಪಾವಳಿ ಹೊತ್ತಿಗೆ ಹೋಗ್ತೀನಿ. ಅಪ್ಪಯ್ಯಂಗೆ ಫೋನಿನ ಗಾಜಿನ ಮೇಲೆ ಬೆರಳು ನಿಲ್ಲಲ್ಲ, ಕೈಗೆ ಸಿಗೋ ಲಿವರೇ ಬೇಕು. ಅದಕ್ಕೊಂದು ದಾರಿ ಹುಡುಕಬೇಕು.

ಕೆಂಪುಹೊಲ · ಆಗಸ್ಟ್ 25

ಬ್ಲೂಟೂತಿಗೆ ಆಟದ ಗೇಮ್‌ಪ್ಯಾಡ್ ಜೋಡಿಸೋ ಆ್ಯಪ್ ಇವೆ ಸರ್, ಅದರಲ್ಲಿ ಲಿವರ್ ಸಿಗುತ್ತೆ. ಅಂದ ಹಾಗೆ ನಾನೂ ನನ್ನ ಲಾರಿಯ ಎರಡನೇ ಎಕ್ಸ್‌ಎಲ್ ಬಿಚ್ಚಿದೆ. 8-24ರ ಪೋರ್ಟಲ್ ಕಟ್ತಿದೀನಿ.

ಮಳೆಬೀಡು · ಆಗಸ್ಟ್ 30

ಪೆನ್ಸಿಲ್ ಪರೀಕ್ಷೆ ಮಾಡಿದೆ. ಮೊದಲು ಸಮತೋಲದ ಜಾಗ ನಡುಮಧ್ಯಕ್ಕಿಂತ ಮೂರು ತೂತು ಹಿಂದೆ ಇತ್ತು. ಬ್ಯಾಟರಿ ಡಬ್ಬಿನ ಬಾನೆಟ್ಟಿನ ಕೆಳಗೆ ಮಲಗಿಸಿ, ಮೋಟರನ್ನ ಎರಡೂ ಸೀಟಿನ ನಡುವೆ ಇಳಿಸಿದ ಮೇಲೆ ಎರಡು ತೂತು ಮುಂದೆ ಬಂತು. ಅದಕ್ಕೋಸ್ಕರ ರೇಡಿಯೇಟರ್ ಜಾಲರಿ ಒಂದು ತೂತು ಮುಂದೆ ಸರೀಬೇಕಾಯ್ತು, ಮೂತಿ ಅಸಲಿ ಜೀಪಿಗಿಂತ ಸ್ವಲ್ಪ ಉದ್ದ ಕಾಣುತ್ತೆ. ಅಪ್ಪಯ್ಯ ಒಪ್ಪಿದರು.

ಇವತ್ತು ಸಂಜೆ ಅವರಿಗೆ ಕೊಟ್ಟಿಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಟ್ಟೆ. ಮಗಳು ಕಲ್ಲುರಾಶಿ ಮೇಲೆ ಹಿಡಿಕಡ್ಡಿ ಮುರಿದು ನಾಲ್ಕು ಗೇಟು ನೆಟ್ಟಿದ್ದಳು. ಮೊದಲ ಕಲ್ಲಿಗೆ ಗಾಡಿ ಬಂದಾಗ ಅವರು ನೇರ ಹತ್ತಿಸಲಿಲ್ಲ. ಒಂದಡಿ ಹಿಂದೆ ತಗೊಂಡು, ಓರೆಯಾಗಿ ಎಡಗಡೆ ಚಕ್ರ ಮೊದಲು ಇಟ್ಟರು. ಅದು ಹಿಡಿದ ಮೇಲೆ ಬಲಗಡೆದು. ಬಲಗಡೆ ಚಕ್ರ ಸಂದಿಗೆ ಸಿಕ್ಕಿಬಿತ್ತು, ಹಲ್ಲು ಹಾರ್ತಿದ್ದುದು ಅದೇ ಸಂದಿಯಲ್ಲಿ. ಮೋಟರ್ ಒಂದು ಕ್ಷಣ ಗುಂಯ್ ಅಂತು. ಅಪ್ಪಯ್ಯ ಬೆರಳು ಸಡಿಲ ಬಿಟ್ಟು, ಸ್ಟೇರಿಂಗ್ ಒಂದಿಷ್ಟು ಆ ಕಡೆ ಈ ಕಡೆ ಆಡಿಸಿ, ಮತ್ತೆ ಒತ್ತಿದರು. ಚಕ್ರ ಪಾಚಿ ಕೆರೆದುಕೊಂಡು ಮೇಲೆ ಬಂತು. ಮೂರನೇ ಗೇಟಿನ ಕಡ್ಡಿಗೆ ಬಂಪರ್ ತಾಗಿತು, ಮಗಳು ಅಂಕ ಕಳೆದಳು. ನಾಲ್ಕನೇದೂ ದಾಟಿ ಮೇಲಿನ ಕಲ್ಲಿನ ಮೇಲೆ ನಿಂತಾಗ ಕತ್ತಲಾಗಿತ್ತು.

ಬಿಚ್ಚಿ ನೋಡಿದೆ. 12 ಹಲ್ಲಿನ ಗೇರು ಎರಡೂ ಹೊಸದರ ಹಂಗೇ ಇವೆ. ಟೈರಿನ ಗೆರೆ ತುಂಬ ಕೆಮ್ಮಣ್ಣು.

ಮೈಸೂರುಟೀಚರ್ · ಆಗಸ್ಟ್ 31

ಓದುತ್ತಾ ಕಣ್ಣು ತುಂಬಿತು. ಮಕ್ಕಳಿಗೆ ನಾಳೆ ಇದನ್ನು ಓದಿ ಹೇಳುತ್ತೇನೆ. ಮಣ್ಣಾದ ಭಾಗಗಳನ್ನು ಹೇಗೆ ತೊಳೆಯುತ್ತೀರಿ? ಹಾಗೆಯೇ ಪೋರ್ಟಲ್ ಮಾಡಲು ಎಷ್ಟು ಗೇರು ಬೇಕು? ದಾನಿಯೊಬ್ಬರು ಕೇಳುತ್ತಿದ್ದಾರೆ, ಪಟ್ಟಿ ಕೊಡಬೇಕು.

ಮಳೆಬೀಡು · ಆಗಸ್ಟ್ 31

ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ಸೋಪು, ಹಳೇ ಟೂತ್ ಬ್ರಶ್ಶು. 40 ಡಿಗ್ರಿಗಿಂತ ಬಿಸಿ ನೀರು ಬೇಡ, ಭಾಗ ಸೊಟ್ಟಗಾಗುತ್ತೆ. ಮೋಟರ್, ರಿಸೀವರ್, ಬ್ಯಾಟರಿ ಡಬ್ಬಿಗೆ ನೀರು ಮುಟ್ಟಿಸಬೇಡಿ, ಒಣ ಬಟ್ಟೇಲಿ ಒರೆಸಿ. ಒಲೆ ಹತ್ತಿರ ಒಣಗಿಸಬೇಡಿ ಮೇಡಂ, ಗಾಳೀಲಿ ಒಂದು ರಾತ್ರಿ ಬಿಟ್ಟರೆ ಸಾಕು.

ಹನ್ನೆರಡುಹಲ್ಲು · ಆಗಸ್ಟ್ 31

ಮೇಡಂ, ಎರಡು ಹೌಸಿಂಗಿಗೆ 12 ಹಲ್ಲಿನದು ಎರಡು, 20 ಹಲ್ಲಿನದು ಎರಡು. ನಾಲ್ಕು ಚಕ್ರದ ಪೋರ್ಟಲಿಗೆ 8 ಹಲ್ಲಿನದು ನಾಲ್ಕು, 24 ಹಲ್ಲಿನದು ನಾಲ್ಕು. 5x7ರ ಚೌಕಟ್ಟು ಎರಡು. 12 ಮತ್ತು 8 ಹಲ್ಲಿನದನ್ನ ಎರಡೆರಡು ಹೆಚ್ಚಿಗೆ ಬರೆಸಿ, ಮಕ್ಕಳ ಕೈಯಲ್ಲಿ ಮೊದಲು ಕಳೆಯೋದು ಸಣ್ಣ ಗೇರುಗಳೇ.